ಡ್ರೈವರ್ ಕಡೆಯ ಸ್ಪೀಕರ್

"ಈ ಸ್ಪೀಕರ್ ಕೆಟ್ಟಿಲ್ಲಮ್ಮ," ಎಂದ ಸ್ಟೀರಿಯೋ ಅಂಗಡಿಯವನು, ಡ್ರೈವರ್ ಬಾಗಿಲಿನೊಳಗಿಂದ ವೈರು ಎಳೆದು ತೋರಿಸುತ್ತಾ. ಅದರ ತುದಿಗೆ ಕಪ್ಪು ಟೇಪು ನೀಟಾಗಿ ಸುತ್ತಿತ್ತು. "ನಾನೇ ಬಿಚ್ಚಿದ್ದು. ಯಜಮಾನ್ರು ಹೇಳಿ ಮಾಡಿಸಿದ್ರು."

ಆಕೆ ಅಭ್ಯಾಸಬಲದಿಂದ ಪಕ್ಕದ ಸೀಟಿನಲ್ಲೇ ಕೂತಿದ್ದಳು. ಗಂಡ ತೀರಿಕೊಂಡು ಆರು ತಿಂಗಳು. ಹಳೇ ಕಾರು ಇನ್ನು ಮಗಳಿಗೆ, ಅದಕ್ಕೇ ಈ ಹೊಸ ಸ್ಟೀರಿಯೋ. "ಯಾಕಂತೆ?" ಎಂದಳು.

"'ಹಾಡಿನ ಗಲಾಟೇಲಿ ಅವಳ ಮಾತು ನಂಗೆ ಕೇಳಿಸಲ್ಲ' ಅಂದ್ರು. ಹಾಗಾದ್ರೆ ಪೂರ್ತಿ ಆಫ್ ಮಾಡಿಬಿಡಿ ಸಾರ್, ಅಂದೆ. 'ಬೇಡಪ್ಪ, ಹಾಡು ಅವಳಿಗೆ ಬೇಕು' ಅಂದ್ರು. ನಾಲ್ಕು ವರ್ಷ ಆಯ್ತೇನೋ. ಹೊಸದಕ್ಕೆ ಎರಡೂ ಕಡೆ ಕನೆಕ್ಷನ್ ಕೊಡ್ಲಾ ಅಮ್ಮ?"

ಆಕೆ ನಾಲ್ಕು ವರ್ಷದ ಹಿಂದೆ ಇದೇ ಸೀಟಿನಲ್ಲಿ ಸಿಡುಕಿದ್ದಳು: "ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಆ ಹಾಡನ್ನೇ ಕೇಳ್ಕೊಂಡಿರಿ!" ಅಂದಿನಿಂದ ಕಾರು ಹತ್ತಿದರೆ ಸಾಕು, ಮುಖ ಕಿಟಕಿಯ ಕಡೆ; ಮನೆ ಮುಟ್ಟುವವರೆಗೂ ತುಟಿ ಬಿಚ್ಚಿದವಳಲ್ಲ. ಅವರು ಮಾತ್ರ ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಅವಳತ್ತ ತುಸು ವಾಲಿ ಕೂರುತ್ತಿದ್ದರು. ಬೆನ್ನುನೋವಿರಬೇಕು ಅಂದುಕೊಂಡಿದ್ದಳು.