ಮಿಷನ್ ಸುಮ್ಮನಾದ ಮಧ್ಯಾಹ್ನ

ಐಸ್ ಜ್ಯೂಸ್ ಮಿಷನ್ನಿನ ಕಂಪ್ರೆಸರ್ ಗಕ್ಕನೆ ನಿಂತುಹೋಯಿತು. ಅಂಗಡಿಯಲ್ಲಿ ಎಂದೂ ಇಲ್ಲದ ಮೌನ. ಅತ್ತೆ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದೇಬಿಟ್ಟಳು. "ಕೊಂದೇ ಬಿಟ್ಟೆಯಲ್ಲೇ ಮಹಾತಾಯಿ! ಬೆಳಗ್ಗೆ ಬೆಳಗ್ಗೆ ಅದರ ಬೆನ್ನು ಕೆರೆದೆ, ಈಗ ಸಮಾಧಾನ ಆಯ್ತಾ?"

ಸೊಸೆ ಮಿಷನ್ನಿನತ್ತ ಧಾವಿಸಿದಳು. ಧೂಳು ಕೂರಬಾರದೆಂದು ಅತ್ತೆ ಮಿಷನ್ನಿಗೆ ಅಕ್ಕರೆಯಿಂದ ದಪ್ಪ ಗೌನು ಹೊಲಿದು ತೊಡಿಸಿದ್ದಳು. ಬಿಸಿಗಾಳಿ ಹೊರಹೋಗುವ ಹಿಂಬದಿಯ ಜಾಲರಿಯೂ ಅದರೊಳಗೇ ಮುಚ್ಚಿಹೋಗಿತ್ತು. ಉಸಿರುಕಟ್ಟಿದ ಮಿಷನ್ ಹಗಲಿಡೀ ಒಂದೇ ಸಮನೆ ಓಡಿ, ಕರೆಂಟು ಕುಡಿದು, ಕಟ್ಟಡದ ಫ್ಯೂಸ್ ಹಾರಿಸುತ್ತಿತ್ತು. ಇನ್ನೊಮ್ಮೆ ಹಾರಿದರೆ ಅಂಗಡಿ ಖಾಲಿ ಮಾಡಬೇಕೆಂದು ಮಹಡಿಯ ಮೇಲಿನ ಮಾಲೀಕ, ಕರೆಂಟೇ ತನ್ನಪ್ಪನ ಮನೆಯದೆಂಬಂತೆ, ಗದರಿಸಿ ಹೋಗಿದ್ದ. ಅದಕ್ಕೇ ಸೊಸೆ ಈ ಬೆಳಗ್ಗೆ ಗೌನು ಬಿಚ್ಚಿ, ಜಾಲರಿ ಉಜ್ಜಿ, ಮಿಷನ್ನನ್ನು ಗೋಡೆಯಿಂದ ಮೊಳದುದ್ದ ಈಚೆಗೆ ಎಳೆದು ಚಾಲೂ ಮಾಡಿದ್ದಳು.

ಅವಳು ನಲ್ಲಿ ತಿರುಗಿಸಿದಳು. ಜ್ಯೂಸಿನ ಕೆಂಪು ಮಂಜು ಗಟ್ಟಿಯಾಗಿ, ಸುರುಳಿ ಸುರುಳಿಯಾಗಿ ಲೋಟಕ್ಕೆ ಇಳಿಯಿತು. "ಸತ್ತಿಲ್ಲ ಅತ್ತೆ! ತಣ್ಣಗೆ ಮಾಡೋ ಕೆಲಸ ಮುಗೀತು, ಅದಕ್ಕೇ ನಿಂತಿದೆ. ಇಷ್ಟು ದಿನ ಪಾಪ, ಅದಕ್ಕೆ ಮುಗಿಸೋಕೇ ಆಗ್ತಿರಲಿಲ್ಲ."

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. "ಹಾರಿಸಿದ್ರಾ ಮತ್ತೆ ಫ್ಯೂಸು? ನಿಮ್ಮ ಮಿಷನ್ ಸದ್ದೇ ನಿಂತೋಯ್ತಲ್ಲ!" ಎಂದು ಕೂಗುತ್ತ ನುಗ್ಗಿದ ಮಾಲೀಕ ತಲೆಯೆತ್ತಿ ನೋಡಿದ. ಫ್ಯಾನ್ ಆರಾಮಾಗಿ ತಿರುಗುತ್ತಿತ್ತು.

"ಕೂತ್ಕೊಳ್ಳಿ," ಎಂದು ಅತ್ತೆ ಲೋಟವನ್ನು ಅವನ ಮುಂದೆ ತಳ್ಳಿದಳು. "ಮಿಷನ್ ಸ್ವಲ್ಪ ಸುಧಾರಿಸ್ಕೊಳ್ತಿದೆ."