ಏರು ಬಂದರೆ ಇಳಿಯುವ ಅಪ್ಪ

ನಾಲ್ಕೂ ಚಕ್ರ ಎಳೆಯುವ ಗೇರು ಹಾಕಿದರೂ ಪಿಕಪ್ಪು ಗುಡ್ಡದ ಏರಿನಲ್ಲಿ ಗರಸುಕಲ್ಲಿನ ಮೇಲೆ ಹಿಂದಕ್ಕೆ ಜಾರಿತು. ಭೀಮಶಾ ಬಾಗಿಲು ತೆರೆದು ಇಳಿದೇಬಿಟ್ಟ. ಎತ್ತಿನ ಗಾಡಿ ಹೊಡೆದು ಮುದುಕನಾದವನು. ಏರು ಬಂದರೆ ಇಳಿದು ಎತ್ತಿಗೆ ಹಗುರ ಮಾಡುವುದು ಅವನ ರೂಢಿ. ಗುಡ್ಡದ ಮೇಲಿನ ಹಟ್ಟಿಯಲ್ಲಿ ಕುರಿಯೊಂದು ಈಯಲಾಗದೆ ಒದ್ದಾಡುತ್ತಿತ್ತು. ಅದನ್ನು ಜಹೀರಾಬಾದಿನ ಪಶು ದವಾಖಾನೆಗೆ ಒಯ್ಯಬೇಕಿತ್ತು.

"ಅಪ್ಪಾ, ಇದು ಎತ್ತಲ್ಲ!" ಸ್ಟೀರಿಂಗ್ ಹಿಡಿದಿದ್ದ ಮಗಳು ಮನಿಷಾ ಕೂಗಿದಳು. "ಹಿಂದ ಖಾಲಿ ಅದ, ಅದಕ್ಕ ಜಾರ್ಲಾಕತ್ತದ. ನಾಕು ದೊಡ್ಡ ಕಲ್ಲ ಹಾಕಿ, ನೀನೂ ಹಿಂದ ಹತ್ತಿ ಕೂಡು. ಭಾರ ಬಿದ್ರ ಗಾಲಿ ನೆಲ ಹಿಡಿತಾವ."

"ಪಾಪ, ಮೊದಲೇ ದಣದದ. ಅದರ ಮ್ಯಾಲ ನಾನೂ ಕೂಡ್ಲೇನು?" ಎಂದು ಗೊಣಗುತ್ತಲೇ ಅವನು ಕಲ್ಲು ಹೇರಿ, ಹಿಂದೆ ಹತ್ತಿ ಕುಕ್ಕರಗಾಲಿನಲ್ಲಿ ಕುಳಿತ. ಮನಿಷಾ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದಳು. ಗಾಲಿಯಡಿಯ ಸಣ್ಣ ಕಲ್ಲು ಸಿಡಿದವು. ಗಾಡಿ ಒಮ್ಮೆ ನಡುಗಿ, ಮೇಲೇರಿತು.

ಹಟ್ಟಿಯ ಮುಂದೆ ಇಳಿದ ಭೀಮಶಾ, ಕುರಿಯ ಕಡೆಗೆ ಓಡಬೇಕಾದವನು, ಮೊದಲು ಮುಂದಕ್ಕೆ ಬಂದು ಎತ್ತಿನ ಹೆಗಲು ಸವರುವಂತೆ ಬಿಸಿ ಬಾನೆಟ್ಟನ್ನು ಸವರಿದ. ಆಮೇಲೆ ಕಿಟಕಿಯೊಳಗೆ ಕೈ ಚಾಚಿ, ಬೆವರಿನಿಂದ ತೊಯ್ದಿದ್ದ ಮಗಳ ಹೆಗಲನ್ನೂ ಹಾಗೇ ಸವರಿದ.

"ದಣದಿ ಏನವ್ವಾ?"