ನೀಲಿ ಬಟ್ಟೆಯ ಮೇಲಿನ ಕಡಲೆಕಾಳು

ಗಂಡನ ಕೈ ನೀಲಿ ಬಟ್ಟೆಯ ಮೇಲಿದ್ದ ಬೋಗುಣಿಗೆ ಹೋದದ್ದನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡಳು. ಕೆಂಪು ಬಟ್ಟೆಯ ಮೇಲಿನದು ನಿಮ್ಮದು, ನೀಲಿ ಬಟ್ಟೆಯ ಮೇಲಿನದು ಗೆಳೆಯರದು ಎಂದು ಬಿಡಿಸಿ ಹೇಳಿಯೇ ಕೂರಿಸಿದ್ದಳು. ಹಾರ್ಟ್ ಆಪರೇಷನ್ ಆದಮೇಲೆ ಉಪ್ಪಿನ ಸಹವಾಸವೇ ಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಈ ಮಹಾರಾಯ ಮಾತ್ರ, ಟಿವಿಯಲ್ಲಿನ ಬ್ಯಾಸ್ಕೆಟ್‌ಬಾಲ್ ಫೈನಲ್ ಬಿಟ್ಟರೆ ಪ್ರಪಂಚದಲ್ಲಿ ಇನ್ನೇನೂ ಇಲ್ಲ ಎಂಬಂತೆ ಮುಖ ಮಾಡಿಕೊಂಡು, ಪಕ್ಕದಲ್ಲಿ ಕೂತ ಗೆಳೆಯ ಲಂಬುವಿನ ಕಡಲೆಕಾಳನ್ನು ಹಿಡಿಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಎಲ್ಲರ ಮುಂದೆ ಗದರುವಂತಿಲ್ಲ. ಗದರಿದರೆ ಮತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತಾನೆ. ಆಸ್ಪತ್ರೆಯಿಂದ ಬಂದಾಗಿನಿಂದ ಅದೇ ಆಗಿಹೋಗಿತ್ತು. ತಟ್ಟೆ ಇಟ್ಟರೆ ಎರಡು ತುತ್ತು, ಆಮೇಲೆ ಮಣ್ಣು ತಿಂದ ಹಾಗಿದೆ ಎಂದು ಪಕ್ಕಕ್ಕೆ ಸರಿಸುವುದು. ಬಸ್ ಡಿಪೋದ ಮೆಕ್ಯಾನಿಕ್ ಅವನು, ಕಟ್ಟುಮಸ್ತಾದ ಆಳು. ಈಗ ಅವನ ಅಂಗಿಗಳ ಹೊಲಿಗೆಯನ್ನು ಅವಳೇ ಬಿಚ್ಚಿ ಬಿಗಿಯಾಗಿ ಹೊಲಿಯಬೇಕಾಗಿತ್ತು. ಬಟ್ಟೆ ಹೊಲಿದು ಬದುಕುವವಳಿಗೆ ಗಂಡ ಎಷ್ಟು ಇಳಿದುಹೋದ ಎಂದು ತಿಳಿಯಲು ತಕ್ಕಡಿ ಬೇಕೇ? ಡಿಪೋದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಜೊತೆಗೆ ಆಡಿದ ಗೆಳೆಯರು ನೋಡಲು ಬರುತ್ತೇವೆಂದರೆ, ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ನನಗೆ ಬೇಡ ಎಂದು ಅವರನ್ನೂ ದೂರ ಇಟ್ಟಿದ್ದ. ಫೈನಲ್ ಇದೆ, ಒಟ್ಟಿಗೆ ನೋಡೋಣ ಎಂದದ್ದಕ್ಕೆ ಮಾತ್ರ ಒಲ್ಲದ ಮನಸ್ಸಿನಿಂದ ಹೂಂ ಅಂದಿದ್ದ.

ಆ ಒಂದು ಹೂಂಗಾಗಿ ಅವಳು ಬೆಳಗ್ಗೆಯಿಂದ ಒಲೆ ಬಿಟ್ಟು ಕದಲಿರಲಿಲ್ಲ. ಕೈ ಬಿಗಿಯಿದ್ದ ಕಾಲ, ಹೊರಗಿನಿಂದ ತರಿಸುವ ಮಾತೇ ಇಲ್ಲ. ಮನೆಯಲ್ಲಿದ್ದದ್ದು ಆಲೂಗಡ್ಡೆ, ಒಣ ಜೋಳ, ಕಡಲೆಕಾಳು. ಆಲೂಗಡ್ಡೆಯನ್ನು ಅರೆಬೇಯಿಸಿ, ಸಿಪ್ಪೆ ಸಮೇತ ಹೋಳು ಮಾಡಿ, ಜಜ್ಜಿದ ಬೆಳ್ಳುಳ್ಳಿಯ ಜೊತೆ ಬಾಣಲೆಯಲ್ಲಿ ಕೆಂಪಗೆ ಹುರಿದಳು. ಮುಚ್ಚಿದ ಪಾತ್ರೆಯಲ್ಲಿ ಪಟಪಟ ಸಿಡಿದು ಅರಳಿದ ಜೋಳಕ್ಕೆ ಅರಿಸಿನ, ಖಾರದಪುಡಿ ಹಾಕಿ ಕುಲುಕಿದಳು. ನೆನೆಸಿಟ್ಟಿದ್ದ ಕಡಲೆಕಾಳನ್ನು ಬೇಯಿಸಿ, ಗರಿಗರಿಯಾಗುವವರೆಗೆ ಹುರಿದು, ಜೀರಿಗೆಪುಡಿ, ಮೆಣಸಿನಪುಡಿ ಉದುರಿಸಿ ನಿಂಬೆಹಣ್ಣು ಹಿಂಡಿದಳು. ಎಲ್ಲದರಲ್ಲೂ ಎರಡು ಪಾಲು, ಒಂದಕ್ಕೆ ಉಪ್ಪು, ಒಂದಕ್ಕೆ ಇಲ್ಲ. ಇವತ್ತಾದರೂ ಹೊಟ್ಟೆ ತುಂಬ ತಿಂದಾನೆಂಬ ಆಸೆಗೆ ಉಪ್ಪಿಲ್ಲದ್ದನ್ನೂ ಅಷ್ಟೇ ಮಾಡಿದ್ದಳು. ಗಿರಾಕಿಗಳ ಬಟ್ಟೆ ಅದಲುಬದಲಾಗದಂತೆ ಚೂರುಬಟ್ಟೆ ಸಿಕ್ಕಿಸಿ ಗುರುತು ಮಾಡುವುದು ಅವಳ ಅಂಗಡಿಯ ರೂಢಿ. ಅದೇ ರೂಢಿಯಲ್ಲಿ ಟೀಪಾಯಿಯ ಮೇಲೆ ಕೆಂಪು, ನೀಲಿ ಚೂರುಗಳನ್ನು ಹಾಸಿದ್ದಳು. ನೀವು ಮುಖ ತೊಳೆದುಕೊಂಡು ಬನ್ನಿ ಅತ್ತಿಗೆ ಎಂದು ಅವಳನ್ನು ಕಳಿಸಿ, ಬೋಗುಣಿಗಳನ್ನು ತುಂಬಿಸಿ ತಂದಿಟ್ಟವನು ಲಂಬು.

ಇನ್ನಷ್ಟು ಹಾಕಿ ತರುತ್ತೇನೆಂದು ನೆಪ ಹೇಳಿ ಅವಳು ನೀಲಿ ಬಟ್ಟೆಯ ಮೇಲಿನ ಬೋಗುಣಿಯನ್ನು ಎತ್ತಿಕೊಂಡು ಒಳಗೆ ಓಡಿದಳು. ಉಪ್ಪು ಎಷ್ಟು ಬಿದ್ದಿದೆಯೋ ನೋಡೋಣವೆಂದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಉಪ್ಪಿನ ಸುಳಿವೇ ಇಲ್ಲ. ಉಪ್ಪು ಹಾಕಿದ್ದ ಪಾತ್ರೆಯ ಮುಚ್ಚಳ ತೆಗೆದರೆ, ಕಡಲೆಕಾಳು ಕಂಠದವರೆಗೆ ಹಾಗೇ ಇದೆ. ಅಷ್ಟರಲ್ಲಿ ಲಂಬು, ಬಾಗಿಲಿಗೆ ತಲೆ ತಗುಲದಂತೆ ಬಗ್ಗಿ ಒಳಗೆ ಬಂದ.

"ಎರಡೂ ಕಡೆ ಉಪ್ಪಿಲ್ಲದ್ದನ್ನೇ ಇಟ್ಟಿದ್ದೀನಿ ಅತ್ತಿಗೆ. ಬೈಬೇಡಿ. ಬರೋವಾಗ್ಲೇ ನಾವೆಲ್ಲಾ ಮಾತಾಡ್ಕೊಂಡಿದ್ವಿ."

"ಇವರಿಗೇ ಹೇಳಿಬಿಟ್ಟು, ಎಲ್ಲರೂ ಒಂದೇ ಬೋಗುಣೀಲಿ ತಿನ್ಬಹುದಿತ್ತಲ್ಲ ಅಣ್ಣ?"

"ಹೇಳಿದ್ರೆ ಮುಟ್ತಾನಾ? ಕನಿಕರ ಅಂದ್ರೆ ಅವನಿಗೆ ಮೂಗಿನ ತುದೀಲೇ ಕೋಪ. ಅವನ ಆಟ ನೋಡಿಲ್ವಾ ನಾನು? ನಾವಾಗೇ ಪಾಸ್ ಕೊಟ್ರೆ ಬಾಲು ಅವನ ಕೈಯಿಂದ ಜಾರ್ತಿತ್ತು. ಬೇರೆಯವರ ಕೈಯಿಂದ ಕಿತ್ಕೊಂಡಿದ್ದನ್ನ ಮಾತ್ರ ಯಾವತ್ತೂ ಬಿಟ್ಟವನಲ್ಲ. ಅದಕ್ಕೇ ಬೋಗುಣೀನ ಅವನಿಗೆ ಎಟುಕೋ ಹಾಗೆ ಇಟ್ಟು, ನಾನು ಟಿವಿ ಕಡೆ ತಿರುಗಿ ಕೂತೆ."

ಅವಳ ಕಣ್ಣು ತುಂಬಿಬಂತು. ಇಂಥವರನ್ನು ಇಷ್ಟು ದಿನ ಹೊಸಿಲಾಚೆ ನಿಲ್ಲಿಸಿಬಿಟ್ಟೆವಲ್ಲ ಎನ್ನಿಸಿತು. ಕೈಮುಗಿಯಲು ಹೋದಳು; ಅವನು ಆ ಕೈಗಳ ನಡುವೆ ಇನ್ನೊಂದು ಖಾಲಿ ಬೋಗುಣಿ ಇಟ್ಟು, ಬೇಗ ತುಂಬಿಸಿ, ಆಟ ಮುಗಿಯೋದರಲ್ಲಿದೆ ಎಂದ. ಹೊರಗೆ, ಸೌತೆಕಾಯಿಗೂ ಉಪ್ಪು ಸುರಿದುಕೊಂಡು ತಿನ್ನುವ ಡಿಪೋದ ಸ್ಟೋರ್‌ಕೀಪರ್, ಸಪ್ಪೆ ಆಲೂಗಡ್ಡೆ ಜಗಿಯುತ್ತಾ ಏನು ರುಚಿ, ಏನು ರುಚಿ ಎಂದು ತಲೆದೂಗುತ್ತಿದ್ದ. ಅವಳು ಬೋಗುಣಿಯನ್ನು ತಂದು ನೀಲಿ ಬಟ್ಟೆಯ ಮೇಲೆಯೇ ಇಟ್ಟಳು, ಗಂಡನ ಕಡೆಗೆ ಒಂದಿಷ್ಟು ಸರಿಸಿ.

ಆಟ ಮುಗಿದು ಎಲ್ಲರೂ ಹೊರಟಾಗ, ಉಪ್ಪು ಹಾಕಿದ ಪಾಲನ್ನೆಲ್ಲ ಡಬ್ಬಿಗಳಿಗೆ ತುಂಬಿ, ಗಂಡನ ಕಣ್ಣಿಗೆ ಬೀಳದಂತೆ ಅವರ ಚೀಲಗಳಿಗೆ ಸೇರಿಸಿದಳು. ಅವನು ತಾನೇ ಬಾಗಿಲವರೆಗೆ ನಡೆದುಹೋಗಿ, ಮುಂದಿನ ಭಾನುವಾರವೂ ಬನ್ನಿ ಎಂದು ಕರೆದ. ಆಮೇಲೆ ಒಳಗೆ ಬಂದು, ಎಂದೂ ಇಲ್ಲದವನು ಅವಳು ತೊಳೆದಿಟ್ಟ ಬೋಗುಣಿಗಳನ್ನು ಒರೆಸತೊಡಗಿದ.

"ಬೈಯಲ್ಲ ಅಂದ್ರೆ ಒಂದು ಮಾತು ಹೇಳ್ತೀನಿ. ಲಂಬು ಬೋಗುಣಿಯಿಂದ ಒಂದೆರಡು ಕಾಳು ತಿಂದೆ ಕಣೇ."

ಅವಳು ನಗು ನುಂಗಿಕೊಂಡು, ತಲೆ ಎತ್ತದೆ, ಹೇಗಿತ್ತು ಎಂದು ಕೇಳಿದಳು.

"ಚೆನ್ನಾಗೇನೋ ಇತ್ತು," ಎಂದು ಅವನು ತಲೆ ಕೆರೆದುಕೊಂಡ. "ಆದ್ರೆ ಮುಂದಿನ ಸಲ ಅವರಿಗೆ ಉಪ್ಪು ಒಂದ್ಚೂರು ಕಮ್ಮಿ ಹಾಕು. ಸ್ವಲ್ಪ ಜಾಸ್ತೀನೇ ಆಗಿತ್ತು."